ವಾರಕ್ಕೊಂದು ಸೋಲು: ವೃತ್ತಿಪರ ಟೆನಿಸ್‌ಗೆ ಇಳಿಯುವವರು ಮೈಮನ ಸಿದ್ಧಪಡಿಸಿಕೊಳ್ಳುವ ಬಗೆ

ಟೂರ್ನಿಯೊಂದರ ಮೇನ್ ಡ್ರಾದಲ್ಲಿ, ಅಂದರೆ ಮುಖ್ಯ ಸುತ್ತಿನ ಪಟ್ಟಿಯಲ್ಲಿ, 32 ಹೆಸರಿದ್ದರೆ, ಭಾನುವಾರ ಗೆದ್ದು ಊರಿಗೆ ಹೊರಡುವವನು ಒಬ್ಬನೇ. ಉಳಿದ 31 ಮಂದಿ ಸೋತೇ ಹೊರಡುತ್ತಾರೆ. ಅವರಲ್ಲಿ 16 ಮಂದಿ ಆಡಿದ್ದು ಒಂದೇ ಒಂದು ಪಂದ್ಯ. ಮುಂದಿನ ಸೋಮವಾರ ಬೇರೆ ಊರು, ಬೇರೆ ಡ್ರಾ, ಅದೇ ಲೆಕ್ಕ. ಕ್ರಿಕೆಟಿನಲ್ಲಿ ಸೊನ್ನೆಗೆ ಔಟಾದವನಿಗೂ ಪಂದ್ಯದ ಸಂಭಾವನೆ ಬರುತ್ತದೆ. ಟೆನಿಸಿನಲ್ಲಿ ಸೋತ ಗಳಿಗೆಗೇ ಗಳಿಕೆ ನಿಲ್ಲುತ್ತದೆ, ಹೋಟೆಲ್ ಬಿಲ್ಲು ಮಾತ್ರ ನಿಲ್ಲುವುದಿಲ್ಲ.

'ಮಗ ರಾಜ್ಯ ಮಟ್ಟದಲ್ಲಿ ಚೆನ್ನಾಗಿ ಆಡ್ತಿದಾನೆ, ಪ್ರೊ ಮಾಡಿಸಬಹುದಾ?' ಎಂದು ಕೇಳುವ ಅಪ್ಪ-ಅಮ್ಮಂದಿರು ಸಾಮಾನ್ಯವಾಗಿ ಅವನ ಫೋರ್‌ಹ್ಯಾಂಡ್ ಬಗ್ಗೆ ಮಾತಾಡುತ್ತಾರೆ. ನನಗೆ ಕೇಳಬೇಕೆನಿಸುವುದು ಬೇರೆ: ಸಾಲಾಗಿ ಎಂಟು ವಾರ ಸೋತರೆ ಒಂಬತ್ತನೇ ಸೋಮವಾರ ಅವನು ಏನು ಮಾಡುತ್ತಾನೆ? ಈ ಪ್ರಶ್ನೆಗೆ ಉತ್ತರ ಹುಟ್ಟುವುದು ಕೋರ್ಟಿನಲ್ಲಲ್ಲ. ಹಣದ ಲೆಕ್ಕ, ನಿದ್ದೆ, ಊಟ, ಭುಜದ ಕೀಲು, ಕೈಯಲ್ಲಿರುವ ಫೋನು ಇವೆಲ್ಲ ಸೇರಿಯೇ ಉತ್ತರ. 16-17ರ ಆಸುಪಾಸಿನ ಆಟಗಾರರನ್ನೂ ಅವರ ಮನೆಯವರನ್ನೂ ಎದುರಿಗೆ ಕೂರಿಸಿಕೊಂಡು ಹೇಳುವ ಹಾಗೆ ಇದನ್ನು ಬರೆದಿದ್ದೇನೆ.

ಹೆಜ್ಜೆ 1: ಮೊದಲು ವಿಶ್ರಾಂತಿಯ ವಾರಗಳನ್ನು ಬರೆಯಿರಿ

ಹೊಸಬರು ಕ್ಯಾಲೆಂಡರ್ ಹಿಡಿದು ಕೂತರೆ ಮೊದಲು ಟೂರ್ನಿಗಳನ್ನು ತುಂಬುತ್ತಾರೆ, ಉಳಿದ ಜಾಗದಲ್ಲಿ ವಿಶ್ರಾಂತಿ. ಟೆನಿಸ್ ವರ್ಷ ಜನವರಿಯಲ್ಲಿ ಶುರುವಾದರೆ ನವೆಂಬರ್ ದಾಟುವವರೆಗೂ ಎಳೆಯುತ್ತದೆ. ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ (ಐಟಿಎಫ್) ಕೆಳಹಂತದ ಟೂರ್ನಿಗಳಂತೂ ವರ್ಷವಿಡೀ ಎಲ್ಲೋ ಒಂದು ಕಡೆ ನಡೆಯುತ್ತಲೇ ಇರುತ್ತವೆ. ಹೀಗಾಗಿ 'ಉಳಿದ ಜಾಗ' ಎನ್ನುವುದೇ ಇಲ್ಲ. ತಲೆಕೆಳಗು ಮಾಡಿ: ಮೂರು ವಾರ ಆಟ, ಒಂದು ವಾರ ಮನೆ. ವರ್ಷಕ್ಕೊಮ್ಮೆ ಐದಾರು ವಾರ ಸತತವಾಗಿ ಸ್ಪರ್ಧೆಯೇ ಇಲ್ಲದ ತಾಲೀಮು. ಇವನ್ನು ಮೊದಲು ಪೆನ್ನಿನಲ್ಲಿ ಬರೆದು, ಆಮೇಲೆ ಪೆನ್ಸಿಲಿನಲ್ಲಿ ಟೂರ್ನಿಗಳನ್ನು ತುಂಬಿ.

ಇದು ಹೇಳಿದಷ್ಟು ಸುಲಭವಲ್ಲ. ಗಳಿಸಿದ ರ್‍ಯಾಂಕಿಂಗ್ ಅಂಕ 52 ವಾರಕ್ಕೆ ಉದುರಿಹೋಗುತ್ತದೆ. ಕಳೆದ ವರ್ಷ ಇದೇ ವಾರ ಸೆಮಿಫೈನಲ್ ತಲುಪಿದ್ದರೆ ಈ ವರ್ಷ ಮನೆಯಲ್ಲಿ ಕೂತವನ ರ್‍ಯಾಂಕಿಂಗ್ ಕುಸಿಯುತ್ತದೆ. ಮೊಣಕಾಲು ನೋಯುತ್ತಿದ್ದರೂ ಬ್ಯಾಗು ಕಟ್ಟಿಸುವುದು ಈ ಭಯವೇ. ಗಾಯಗಳ ಬೇರು ಎಷ್ಟೋ ಸಲ ಕೋರ್ಟಿನಲ್ಲಿರುವುದಿಲ್ಲ, ಕ್ಯಾಲೆಂಡರಿನಲ್ಲಿರುತ್ತದೆ.

ಇನ್ನು ಹಣ. ಏಣಿಯ ಕೆಳ ಮೆಟ್ಟಿಲಾದ ಪುರುಷರ 15 ಸಾವಿರ ಡಾಲರ್ (ಒಟ್ಟು ಬಹುಮಾನದ ಮೊತ್ತ) ಟೂರ್ನಿಯಲ್ಲಿ ಸಿಂಗಲ್ಸ್ ಗೆದ್ದವನಿಗೆ ಸಿಗುವುದು 2,160 ಡಾಲರ್. ಮೊದಲ ಸುತ್ತಿನಲ್ಲಿ ಸೋತವನಿಗೆ 156 ಡಾಲರ್, ಅದೂ ತೆರಿಗೆ ಕಳೆಯುವ ಮುನ್ನ. ಅಂದರೆ ಸುಮಾರು ಹದಿಮೂರು-ಹದಿನಾಲ್ಕು ಸಾವಿರ ರೂಪಾಯಿ. ರೈಲು ಅಥವಾ ವಿಮಾನ, ಆರು ರಾತ್ರಿಯ ರೂಮು, ಊಟ, ರ್‍ಯಾಕೆಟ್ ಸ್ಟ್ರಿಂಗಿಂಗ್ ಇಷ್ಟರಲ್ಲಿ ಮುಗಿಯುತ್ತದೆಯೇ, ನೀವೇ ಲೆಕ್ಕ ಹಾಕಿ. ಸುಮಿತ್ ನಗಾಲ್ 2023ರಲ್ಲಿ ದೇಶದ ಅಗ್ರ ಸಿಂಗಲ್ಸ್ ಆಟಗಾರ; ತನ್ನ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು 900 ಯೂರೋ ಎಂದು ಆ ಸೆಪ್ಟೆಂಬರಿನಲ್ಲಿ ಅವರೇ ಹೇಳಿಕೊಂಡರು. ನಾಲ್ಕು ತಿಂಗಳಾದ ಮೇಲೆ ಆಸ್ಟ್ರೇಲಿಯನ್ ಓಪನ್ನಿನ ಮೊದಲ ಸುತ್ತಿನಲ್ಲಿ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಸೋಲಿಸಿದರು. 1989ರಲ್ಲಿ ರಮೇಶ್ ಕೃಷ್ಣನ್ ಮ್ಯಾಟ್ಸ್ ವಿಲಾಂಡರ್ ಅವರನ್ನು ಸೋಲಿಸಿದ ಮೇಲೆ ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತನನ್ನು ಮಣಿಸಿದ ಮೊದಲ ಭಾರತೀಯ ಪುರುಷ ಅವರು. ಗೆದ್ದ ಕಥೆ ಎಲ್ಲರಿಗೂ ಗೊತ್ತು. ನೀವು ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಬೇಕಾದದ್ದು ಆ 900 ಯೂರೋ.

ಪುರುಷರ ವೃತ್ತಿಪರ ಟೆನಿಸ್ ಸಂಸ್ಥೆಯಾದ ಎಟಿಪಿ 2024ರಿಂದ ಕನಿಷ್ಠ ಆದಾಯದ ಖಾತರಿ ಕೊಡಲು ಶುರುಮಾಡಿದೆ. ಅಗ್ರ 100ರೊಳಗಿನವರಿಗೆ 3 ಲಕ್ಷ ಡಾಲರ್, 101ರಿಂದ 175ರವರೆಗೆ 2 ಲಕ್ಷ, 176ರಿಂದ 250ರವರೆಗೆ 1 ಲಕ್ಷ ಎಂದು ಆರಂಭವಾಯಿತು. ಅದರಾಚೆಗೆ ಇರುವವರು ತಮ್ಮ ಕಾಲ ಮೇಲೆ ತಾವೇ ನಿಲ್ಲಬೇಕು. ಆದ್ದರಿಂದ ಮನೆಯವರು ಕೂತು ಮೂರು ಸಾಲು ಬರೆದಿಡಿ: ವರ್ಷಕ್ಕೆ ಎಷ್ಟು ಹಣ ಹಾಕಬಲ್ಲೆವು, ಎಷ್ಟು ವರ್ಷ ಹಾಕಬಲ್ಲೆವು, ಯಾವ ತಿಂಗಳು ಕೂತು ಮರುಪರಿಶೀಲಿಸುತ್ತೇವೆ. ಈ ಮಾತು ಮೊದಲೇ ಆಗಿದ್ದರೆ ಹುಡುಗ ಮೂರನೇ ಸೆಟ್ಟಿನಲ್ಲಿ ಬ್ರೇಕ್ ಪಾಯಿಂಟ್ (ತನ್ನ ಸರ್ವ್‌ನ ಗೇಮ್ ಕೈತಪ್ಪುವ ಹಂತ) ಎದುರಿಸುವಾಗ ಅಪ್ಪನ ಸಾಲ ನೆನಪಾಗುವುದು ಕಡಿಮೆ. ಮನೋಬಲದ ಮೊದಲ ಪಾಠ ನನ್ನ ಮಟ್ಟಿಗೆ ಧ್ಯಾನವಲ್ಲ, ಈ ಮೂರು ಸಾಲು.

ಹತ್ತಿರದ ಟೂರ್ನಿಗಳನ್ನು ಬಿಡಬೇಡಿ. 2023ರಲ್ಲಿ ಧಾರವಾಡ, ಕಲಬುರಗಿಗಳಲ್ಲೇ 25 ಸಾವಿರ ಡಾಲರಿನ ಐಟಿಎಫ್ ಟೂರ್ನಿಗಳು ನಡೆದವು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ (ಕೆಎಸ್‌ಎಲ್‌ಟಿಎ) ಕೋರ್ಟುಗಳಲ್ಲಿ, ಐಟಿಎಫ್‌ಗಿಂತ ಒಂದು ಮೆಟ್ಟಿಲು ಮೇಲಿನ ಚಾಲೆಂಜರ್ ಟೂರ್ನಿ ನಡೆಯುತ್ತದೆ. ಮನೆಯೂಟ ತಿಂದು ಅಂಕ ಗಳಿಸುವ ಅವಕಾಶ ಬಿಟ್ಟು, 'ವಿದೇಶದಲ್ಲಿ ಆಡಿದರೆ ಎಕ್ಸ್‌ಪೋಷರ್' ಎಂದು ಓಡುವುದರಲ್ಲಿ ಅರ್ಥವಿಲ್ಲ.

ಹೆಜ್ಜೆ 2: ದೇಹದ ದಸ್ತಾವೇಜು ಇಟ್ಟುಕೊಳ್ಳಿ

ಸರ್ವ್ ಮಾಡುವ ತೋಳನ್ನು ನೋಡಿ ಭುಜ ಗಟ್ಟಿ ಮಾಡಿಕೊಳ್ಳಲು ಹೊರಡುವವರು ಹೆಚ್ಚು. ಸರ್ವ್‌ನ ಬಲ ಹುಟ್ಟುವುದು ನೆಲದಲ್ಲಿ. ಪಾದ, ಮೊಣಕಾಲು, ಸೊಂಟ, ನಡು, ಭುಜದ ಹಲಗೆ, ತೋಳು, ಮಣಿಕಟ್ಟು ಹೀಗೆ ಹತ್ತಿ ಚೆಂಡಿಗೆ ಮುಟ್ಟುತ್ತದೆ. ನಡುವೆ ಒಂದು ಕೊಂಡಿ ಸಡಿಲವಾದರೆ ಮುಂದಿನ ಕೊಂಡಿ ಎರಡಾಳಿನ ಕೆಲಸ ಮಾಡುತ್ತದೆ. ಸೊಂಟ ಬಿಗಿಯಾದವನಿಗೆ ಬೆನ್ನು ನೋವು, ಭುಜದ ಹಲಗೆ ಸೋತವನಿಗೆ ಮೊಣಕೈ ನೋವು. ನೋವು ಕಾಣಿಸಿಕೊಂಡ ಜಾಗವೇ ತಪ್ಪಿತಸ್ಥ ಎಂದುಕೊಳ್ಳಬೇಡಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಚಾಪೆಯ ಮೇಲೆ ಅಂಗಾತ ಮಲಗಿ. ಆಡುವ ಕೈಯನ್ನು ಭುಜದ ನೇರಕ್ಕೆ ಪಕ್ಕಕ್ಕೆ ಚಾಚಿ, ಮೊಣಕೈಯನ್ನು 90 ಡಿಗ್ರಿಗೆ ಮಡಚಿ, ಬೆರಳುಗಳು ಚಾವಣಿ ನೋಡುವಂತೆ, ಅಂಗೈ ಪಾದದ ಕಡೆ ತಿರುಗಿರುವಂತೆ ನಿಲ್ಲಿಸಿ. ಈಗ ಇನ್ನೊಬ್ಬರು ನಿಮ್ಮ ಭುಜದ ಮುಂಭಾಗವನ್ನು ಮೆಲ್ಲನೆ ಒತ್ತಿ ಹಿಡಿಯಲಿ. ಭುಜ ಮೇಲೇಳದಂತೆ ಅಂಗೈಯನ್ನು ಪಾದದ ದಿಕ್ಕಿಗೆ, ನೆಲದತ್ತ ಇಳಿಸಿ. ಎಷ್ಟು ಇಳಿಯಿತು ಎಂದು ಪಕ್ಕದಿಂದ ಫೋನಿನಲ್ಲಿ ಚಿತ್ರ ತೆಗೆಯಿರಿ. ಇನ್ನೊಂದು ಕೈಗೂ ಹಾಗೆಯೇ. ಸರ್ವ್ ಹೊಡೆದು ಹೊಡೆದು ಆಡುವ ಭುಜ ಈ ಚಲನೆಯಲ್ಲಿ ಬಿಗಿಯಾಗುವುದು ಮಾಮೂಲು. ಎರಡು ಕೈಗಳ ನಡುವೆ 20 ಡಿಗ್ರಿಯಷ್ಟು ಅಂತರ ಕಂಡರೆ ನೋವಿಲ್ಲದಿದ್ದರೂ ಫಿಸಿಯೋ ಬಳಿ ಹೋಗಿ. ತಿಂಗಳಿಗೊಮ್ಮೆ ಇದೇ ಚಿತ್ರ ತೆಗೆದಿಟ್ಟರೆ ಅದೇ ನಿಮ್ಮ ದಸ್ತಾವೇಜು. ದುಬಾರಿ ಶೂ, ಮೂರು ಹೊಸ ರ್‍ಯಾಕೆಟ್ ಕೊಂಡು ಫಿಸಿಯೋಗೆ ಹಣವಿಲ್ಲ ಎನ್ನುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ಬೆಳೆಯುವ ವಯಸ್ಸಿನವರು ಮರೆಯಬಾರದ್ದು ಕೆಳಬೆನ್ನು. ಹಿಂದಕ್ಕೆ ಬಾಗಿ ತಿರುಗುವ ಸರ್ವ್ ಬೆನ್ನುಮೂಳೆಯ ಸಣ್ಣ ಎಲುಬಿನ ಮೇಲೆ ಮತ್ತೆ ಮತ್ತೆ ಒತ್ತಡ ಹಾಕಿ ಕೂದಲೆಳೆಯ ಬಿರುಕು ಬಿಡಿಸಬಲ್ಲದು. ಹಿಂದಕ್ಕೆ ಬಾಗಿದಾಗ ಒಂದೇ ಬದಿಯಲ್ಲಿ ಚುಚ್ಚುವ ನೋವು ಎರಡು ವಾರ ಮೀರಿದರೆ ಮಸಾಜು, ಎಣ್ಣೆ, ನೋವಿನ ಮಾತ್ರೆ ಬಿಟ್ಟು ಕ್ರೀಡಾ ವೈದ್ಯರಿಗೆ ತೋರಿಸಿ. ಬೇಗ ಕಂಡುಹಿಡಿದರೆ ಕೆಲವು ತಿಂಗಳ ವಿಶ್ರಾಂತಿಯಲ್ಲಿ ಕೂಡಿಕೊಳ್ಳುವ ಎಲುಬು ಅದು.

ಸರ್ವ್‌ಗಳನ್ನು ಎಣಿಸಿ. ಬೌಲರುಗಳ ಓವರ್ ಎಣಿಸುವ ನಮ್ಮ ದೇಶದಲ್ಲಿ ಟೆನಿಸ್ ಹುಡುಗರ ಸರ್ವ್ ಯಾರೂ ಎಣಿಸುವುದಿಲ್ಲ. ಹಿಂದಿನ ವಾರಗಳ ಸರಾಸರಿಗಿಂತ ಒಮ್ಮೆಲೇ ಜಾಸ್ತಿಯಾದ ವಾರವೇ ಅಪಾಯದ ವಾರ. ಪರೀಕ್ಷೆ ಮುಗಿಸಿ ಬಂದು ಮೊದಲ ದಿನವೇ ಬುಟ್ಟಿಗಟ್ಟಲೆ ಸರ್ವ್ ಹೊಡೆಯುವ ಏಪ್ರಿಲ್ ತಿಂಗಳನ್ನು ನೆನಪಿಸಿಕೊಳ್ಳಿ. ಚೆಂಡು ಬದಲಾದಾಗಲೂ ಎಚ್ಚರ ಬೇಕು. ವಾರಕ್ಕೊಂದು ಬ್ರ್ಯಾಂಡಿನ ಚೆಂಡು ಬರುವುದರಿಂದ ಮಣಿಕಟ್ಟು, ಮೊಣಕೈ ಕೆಡುತ್ತಿದೆ ಎಂದು ದೊಡ್ಡ ಆಟಗಾರರೇ ದೂರಿದ್ದಾರೆ. ಭಾರದ ಚೆಂಡಿನ ವಾರ ಸ್ಟ್ರಿಂಗ್ ಬಿಗಿ ಒಂದೆರಡು ಪೌಂಡ್ ಇಳಿಸಿ ನೋಡಿ.

ಮಣಿಕಟ್ಟಿನ ಗಾಯ ಎಷ್ಟು ಕ್ರೂರ ಎನ್ನುವುದಕ್ಕೆ ಡೊಮಿನಿಕ್ ಥೀಮ್ ಸಾಕು. 2020ರ ಯುಎಸ್ ಓಪನ್ ಚಾಂಪಿಯನ್. 2021ರ ಜೂನ್‌ನಲ್ಲಿ ಮಯೋರ್ಕಾದಲ್ಲಿ ಬಲ ಮಣಿಕಟ್ಟು ಕೆಟ್ಟಿತು. ಮರಳಿದರು, ಆದರೆ ಆ ಫೋರ್‌ಹ್ಯಾಂಡ್ ಮರಳಲಿಲ್ಲ. 2024ರ ಅಕ್ಟೋಬರಿನಲ್ಲಿ ವಿಯೆನ್ನಾದಲ್ಲಿ ವಿದಾಯ ಹೇಳಿದಾಗ ವಯಸ್ಸು 31. ಇದಕ್ಕೆ ಎದುರಾಗಿ ನಮ್ಮ ಕೊಡಗಿನ ರೋಹನ್ ಬೋಪಣ್ಣ. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿ ನೋವಿನ ಮಾತ್ರೆಯ ಮೇಲೆ ಆಡುತ್ತಿದ್ದವರು ಕೋವಿಡ್ ಕಾಲದಲ್ಲಿ ಅಯ್ಯಂಗಾರ್ ಯೋಗ ಹಿಡಿದರು. ಕಾಲಿನ ಸ್ನಾಯು ಬಲಗೊಂಡು ಕೀಲಿನ ಭಾರ ಹೊರುವಂತಾಯಿತು. ಯೋಗ ಎಲ್ಲರ ಮೊಣಕಾಲನ್ನೂ ಸರಿಮಾಡುತ್ತದೆ ಎಂದು ಹೇಳುತ್ತಿಲ್ಲ. ನಲವತ್ತರ ಹೊಸ್ತಿಲಲ್ಲೂ ಮೈಗೆ ಹೊಸ ಅಭ್ಯಾಸ ಕಲಿಸಬಹುದು, ಆದರೆ ವಾರಕ್ಕೆ ಹಲವು ದಿನ, ತಪ್ಪದೆ ಮಾಡಬೇಕು ಎನ್ನುತ್ತಿದ್ದೇನೆ.

ಹೆಜ್ಜೆ 3: ಬೆವರನ್ನು ತೂಗಿ

ಮಾರ್ಚ್ ತಿಂಗಳ ಕಲಬುರಗಿ ಬಿಸಿಲಿರಲಿ, ಚೆನ್ನೈನ ಜಿಗುಟು ಸೆಕೆಯಿರಲಿ, 'ನೀರು ಜಾಸ್ತಿ ಕುಡಿ' ಎನ್ನುವುದು ಸಲಹೆಯಲ್ಲ. ಎಷ್ಟು ಎನ್ನುವುದು ಬೇಕು. ಅಭ್ಯಾಸಕ್ಕೆ ಮೊದಲು ಒಳಉಡುಪಿನಲ್ಲಿ ತೂಕ ನೋಡಿ. ಒಂದು ಗಂಟೆ ಪಂದ್ಯದ ಬಿರುಸಿನಲ್ಲಿ ಆಡಿ, ಕುಡಿದ ನೀರನ್ನು ಅಳೆದಿಡಿ. ಬೆವರು ಒರೆಸಿ ಮತ್ತೆ ತೂಗಿ. ಇಳಿದ ತೂಕಕ್ಕೆ ಕುಡಿದ ನೀರನ್ನು ಕೂಡಿಸಿದರೆ ಅದು ನಿಮ್ಮ ಒಂದು ಗಂಟೆಯ ಬೆವರು. 800 ಗ್ರಾಂ ಇಳಿದು, ಅರ್ಧ ಲೀಟರ್ ಕುಡಿದಿದ್ದರೆ ಹರಿದದ್ದು 1.3 ಲೀಟರ್. ಒಬ್ಬನಿಗೆ ಗಂಟೆಗೆ ಒಂದು ಲೀಟರ್ ಹೋದರೆ ಪಕ್ಕದವನಿಗೆ ಎರಡು ಹೋಗಬಹುದು. ಹೀಗಾಗಿ ಗೆಳೆಯನ ಬಾಟಲಿ ನೋಡಿ ನಿಮ್ಮದನ್ನು ತುಂಬಬೇಡಿ. ದೇಹತೂಕದ ಶೇ. 2ಕ್ಕಿಂತ ಹೆಚ್ಚು ಇಳಿಯದಂತೆ ನೋಡಿಕೊಳ್ಳಿ. ಆಟ ಮುಗಿದಾಗ ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದೀರಿ ಎಂದರ್ಥ, ಅದೂ ಅಪಾಯವೇ.

ಒಣಗಿದ ಕಪ್ಪು ಟೀಶರ್ಟಿನ ಮೇಲೆ ಬಿಳಿ ಉಪ್ಪಿನ ಗೆರೆ ಮೂಡುವವರಿಗೆ ಬರೀ ನೀರು ಸಾಲದು, ಸೋಡಿಯಂ ಬೇಕು. ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣ ಹೆಸರುವಾಸಿ ಕ್ರೀಡಾ ಪಾನೀಯಕ್ಕಿಂತ ಅಗ್ಗ, ಉಪ್ಪಿನಂಶವೂ ಹೆಚ್ಚು. ಎರಡನೇ ಸೆಟ್ ದಾಟಿದ ಪಂದ್ಯದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಬೀಳಬೇಕು. ಎರಡು ಬಾಳೆಹಣ್ಣು, ಒಂದಷ್ಟು ಖರ್ಜೂರ ಸಾಕು. ಪಂದ್ಯಕ್ಕೆ ಮೂರು ಗಂಟೆ ಮೊದಲು ಇಡ್ಲಿ, ಮೊಸರನ್ನ, ಉಪ್ಪಿಟ್ಟು ಯಾವುದಾದರೂ ಸರಿ, ಎಣ್ಣೆ ಕಡಿಮೆಯಿರಲಿ. ರಾಗಿ ಮುದ್ದೆಯ ಅಭಿಮಾನಿಗಳು ಅದನ್ನು ಪಂದ್ಯ ಮುಗಿದ ರಾತ್ರಿಗೆ ಇಟ್ಟುಕೊಳ್ಳಿ. ನಿಧಾನ ಜೀರ್ಣವಾಗುವ ಊಟ ಹೊಟ್ಟೆಯಲ್ಲಿಟ್ಟುಕೊಂಡು ಡ್ರಾಪ್ ಶಾಟ್ ಹಿಂದೆ ಓಡುವುದು ಕಷ್ಟ. ಸಸ್ಯಾಹಾರಿಗಳು ಹೊರದೇಶಕ್ಕೆ ಹೋಗುವಾಗ ಸಣ್ಣ ಎಲೆಕ್ಟ್ರಿಕ್ ಕುಕ್ಕರ್, ಅಕ್ಕಿ, ಬೇಳೆ ಒಯ್ಯುವುದನ್ನು ನಾಚಿಕೆಯೆಂದು ತಿಳಿಯಬೇಡಿ.

ನಿದ್ದೆ ಎಂಟರಿಂದ ಒಂಬತ್ತು ಗಂಟೆ. ಐದು ಟೈಮ್ ಝೋನ್ ದಾಟಿದರೆ ಮೈ ಹೊಂದಿಕೊಳ್ಳಲು ಹೆಚ್ಚುಕಡಿಮೆ ಐದು ದಿನ ಬೇಕು. ಶನಿವಾರ ಇಳಿದು ಭಾನುವಾರ ಕ್ವಾಲಿಫೈಯಿಂಗ್ (ಮೇನ್ ಡ್ರಾಗೆ ಮುನ್ನಿನ ಅರ್ಹತಾ ಸುತ್ತು) ಆಡುವ ಟಿಕೆಟ್ ಅಗ್ಗವಾಗಿ ಸಿಕ್ಕರೂ ಕೊನೆಗೆ ದುಬಾರಿಯೇ.

ಹೆಜ್ಜೆ 4: 25 ಸೆಕೆಂಡನ್ನು ಅಭ್ಯಾಸ ಮಾಡಿ

ಒಂದು ಪಾಯಿಂಟ್ ಮುಗಿದು ಇನ್ನೊಂದು ಶುರುವಾಗಲು ನಿಯಮ ಕೊಡುವುದು 25 ಸೆಕೆಂಡ್. ಬದಿ ಬದಲಿಸುವಾಗ 90, ಸೆಟ್ ಮುಗಿದಾಗ 120. ಪಂದ್ಯದ ಗಡಿಯಾರದಲ್ಲಿ ಚೆಂಡು ಓಡಾಡುವ ಹೊತ್ತಿಗಿಂತ ಸುಮ್ಮನಿರುವ ಹೊತ್ತೇ ಎಷ್ಟೋ ಪಾಲು ಹೆಚ್ಚು. ಆದರೂ ಅಭ್ಯಾಸದಲ್ಲಿ ನಾವು ಹೊಡೆತ ಮಾತ್ರ ಕಲಿಸುತ್ತೇವೆ, ಮಧ್ಯದ ಮೌನ ಕಲಿಸುವುದಿಲ್ಲ. ಆ ಮೌನದಲ್ಲೇ ತಲೆ ಕೆಡುವುದು.

ಆ 25 ಸೆಕೆಂಡನ್ನು ಹೀಗೆ ಹಂಚಿಕೊಳ್ಳಿ. ಮೊದಲ ನಾಲ್ಕೈದು ಸೆಕೆಂಡ್ ಸಿಟ್ಟಿಗೋ ಸಂತೋಷಕ್ಕೋ ಬಿಟ್ಟುಬಿಡಿ. ಮುಖ ಸಿಂಡರಿಸಿ, ತೊಡೆ ತಟ್ಟಿಕೊಳ್ಳಿ, ಆದರೆ ಬಾಯಲ್ಲಿ ಸ್ವಂತ ನಿಂದೆ ಬೇಡ. ಆಮೇಲೆ ಬೆನ್ನು ಬಲೆಯತ್ತ ತಿರುಗಿಸಿ, ರ್‍ಯಾಕೆಟ್ಟನ್ನು ಆಡದ ಕೈಗೆ ಕೊಡಿ. ಇದು ಸಣ್ಣ ಸಂಗತಿ ಎನಿಸಬಹುದು. ಬಿಗಿಹಿಡಿದ ಮುಂಗೈ ಸಡಿಲವಾಗುವುದೇ ಹೀಗೆ. ಸ್ಟ್ರಿಂಗುಗಳ ಮೇಲೆ ಕಣ್ಣು ನೆಟ್ಟು ಎರಡು ಉಸಿರು. ಒಳಗೆಳೆದದ್ದಕ್ಕಿಂತ ಹೊರಬಿಡುವುದು ಉದ್ದವಾಗಿರಲಿ. ನಂತರ ಒಂದೇ ಒಂದು ನಿರ್ಧಾರ: ಸರ್ವ್ ಎಲ್ಲಿಗೆ, ಅಥವಾ ರಿಟರ್ನ್ ಎಲ್ಲಿಗೆ. 'ಡಬಲ್ ಫಾಲ್ಟ್ ಮಾಡಬಾರದು' ಎನ್ನುವುದು ನಿರ್ಧಾರವಲ್ಲ, 'ಎದುರಾಳಿಯ ದೇಹದತ್ತ ಕಿಕ್ ಸರ್ವ್' (ಪುಟಿದು ಎತ್ತರಕ್ಕೇಳುವ ಸರ್ವ್) ಎನ್ನುವುದು ನಿರ್ಧಾರ. ಕೊನೆಗೆ ಚೆಂಡು ಪುಟಿಸುವುದು, ಪ್ರತಿ ಸಲವೂ ಅಷ್ಟೇ ಬಾರಿ. ಗೆರೆಯ ಬಳಿ ನಿಂತ ಮೇಲೆ ಹೊಸ ಯೋಚನೆಗೆ ಪ್ರವೇಶವಿಲ್ಲ.

ಇದನ್ನು ಪಂದ್ಯದ ದಿನ ನೆನಪಿಸಿಕೊಂಡರೆ ಬರುವುದಿಲ್ಲ. ವಾರಕ್ಕೊಂದು ಅಭ್ಯಾಸ ಪಂದ್ಯವನ್ನು ಗಡಿಯಾರ ಇಟ್ಟು, 0-30ರಿಂದ, ಅಂದರೆ ಎರಡು ಪಾಯಿಂಟ್ ಹಿಂದಿದ್ದು, ಶುರುವಾಗುವ ಗೇಮುಗಳನ್ನೇ ಆಡಿ. ಕೋಚ್ ಬೇಕೆಂದೇ ತಪ್ಪು ಲೈನ್ ಕಾಲ್ ಕೊಡಲಿ. ಕೆಳಹಂತದ ಟೂರ್ನಿಗಳಲ್ಲಿ ಅಂಥ ಕರೆಗಳಿಗೆ ಬರವಿಲ್ಲ.

ಲೆಕ್ಕವೊಂದು ಮನಸ್ಸಿಗೆ ಹಿತ. ರೋಜರ್ ಫೆಡರರ್ ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಸುಮಾರು ಶೇ. 80 ಗೆದ್ದರು. ಪಾಯಿಂಟುಗಳಲ್ಲಿ ಗೆದ್ದದ್ದು ಮಾತ್ರ ಶೇ. 54. ಅಂಥವರೇ ಹೆಚ್ಚುಕಡಿಮೆ ಎರಡಕ್ಕೊಂದು ಪಾಯಿಂಟ್ ಕಳೆದುಕೊಂಡಿರುವಾಗ ಒಂದು ಪಾಯಿಂಟ್ ಹೋಗಿದ್ದಕ್ಕೆ ರ್‍ಯಾಕೆಟ್ ಮುರಿಯುವುದು ದುಡ್ಡು ದಂಡ.

ಬದಿ ಬದಲಿಸುವ 90 ಸೆಕೆಂಡಿಗೆ ಬ್ಯಾಗಿನಲ್ಲಿ ಒಂದು ಪುಟ್ಟ ಕಾರ್ಡ್ ಇಟ್ಟುಕೊಳ್ಳಿ, ಮೂರು ಸಾಲಿಗಿಂತ ಹೆಚ್ಚಿಲ್ಲದಂತೆ. 2025ರಿಂದ ಅಂಗಳದ ಹೊರಗಿನಿಂದ ಕೋಚ್ ಸಲಹೆ ಕೊಡಲು ನಿಯಮ ಒಪ್ಪುತ್ತದೆ. ಆದರೆ 156 ಡಾಲರಿಗೆ ಆಡುವವನ ಜೊತೆ ಕೋಚ್ ಎಲ್ಲಿಂದ ಬರಬೇಕು? ಆ ಕಾರ್ಡೇ ಕೋಚ್.

ಹೆಜ್ಜೆ 5: ಸೋತ ಸಂಜೆಗೂ ಒಂದು ವೇಳಾಪಟ್ಟಿ ಇರಲಿ

ಸೋಮವಾರ ಬೆಳಿಗ್ಗೆ 11ಕ್ಕೆ ಪರದೇಶದ ಯಾವುದೋ ಊರಿನಲ್ಲಿ ಸೋತಿದ್ದೀರಿ. ಮುಂದಿನ ಟೂರ್ನಿಗೆ ಆರು ದಿನವಿದೆ. ರೂಮಿನಲ್ಲಿ ಭಾಷೆ ಬಾರದ ಟಿವಿ, ಕೈಯಲ್ಲಿ ಫೋನು. ಹರೆಯದ ಆಟಗಾರರನ್ನು ತಿನ್ನುವುದು ಈ ಆರು ದಿನ. ದೊಡ್ಡ ಕ್ರೀಡಾಂಗಣದ ಒತ್ತಡದ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಖಾಲಿ ಮಂಗಳವಾರದ ಬಗ್ಗೆ ಯಾರೂ ಬರೆಯುವುದಿಲ್ಲ.

ಆ ಸಂಜೆಗೆ ಕ್ರಮವೊಂದನ್ನು ಮೊದಲೇ ಬರೆದಿಡಿ. ಸೋತ ಕೂಡಲೇ 15 ನಿಮಿಷ ಸೈಕಲ್ ತುಳಿದೋ ನಿಧಾನ ಓಡಿಯೋ ಮೈ ತಣ್ಣಗಾಗಿಸಿ; ಗೆದ್ದವನು ಮಾಡುವುದನ್ನು ಸೋತವನೂ ಮಾಡಬೇಕು. ಆಮೇಲೆ ಊಟ. ಅದಾದ ಮೇಲೆ ಮನೆಗೆ ಒಂದು ಕರೆ, ಅದರಲ್ಲಿ ಆಟದ ವಿಶ್ಲೇಷಣೆ ಇಲ್ಲ. ಅಪ್ಪಂದಿರೇ, 'ಆ ಬ್ಯಾಕ್‌ಹ್ಯಾಂಡ್ ಯಾಕೆ ಹಾಗೆ ಹೊಡೆದೆ' ಎನ್ನುವುದು ನಾಳೆಗೂ ಕೆಡುವುದಿಲ್ಲ. 'ಊಟ ಆಯ್ತಾ' ಎಂದಷ್ಟೇ ಕೇಳಿ.

ಮರುದಿನ ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಮೂರು ಸಾಲು: ಏನು ಕೆಲಸ ಮಾಡಿತು, ಏನನ್ನು ತಿದ್ದಬೇಕು, ಮೊದಲ ಸರ್ವ್ ಶೇಕಡಾವಾರು ಎಷ್ಟು. ಸ್ಕೋರ್ ಬರೆಯುವುದು ಬೇಡ, ಅದು ಹೇಗೂ ಮರೆಯುವುದಿಲ್ಲ. ಆಮೇಲೆ ಸೋತ ಇನ್ನೊಬ್ಬನನ್ನು ಹುಡುಕಿ ಪ್ರಾಕ್ಟೀಸ್ ಕೋರ್ಟ್ ಬುಕ್ ಮಾಡಿ. ಅವನ ಪರಿಸ್ಥಿತಿಯೂ ನಿಮ್ಮದೇ. ಟೆನಿಸ್ಸಿಗೆ ಸಂಬಂಧವಿಲ್ಲದ ಒಂದು ಕೆಲಸ ದಿನಕ್ಕೆ ಒಂದು ಗಂಟೆ ಇರಲಿ: ದೂರಶಿಕ್ಷಣದ ಪದವಿ, ಚಿತ್ರ ಬಿಡಿಸುವುದು, ಭಾಷೆ ಕಲಿಯುವುದು.

ಫೋನು ಬೇರೆಯೇ ಕಥೆ. ನಿಮ್ಮ ಹೆಸರೇ ಕೇಳಿರದ ಜನ ನಿಮ್ಮ ಪಂದ್ಯದ ಮೇಲೆ ಬಾಜಿ ಕಟ್ಟಿರುತ್ತಾರೆ. ಸೋತರೆ ಇನ್‌ಸ್ಟಾಗ್ರಾಮ್‌ನಲ್ಲಿ ಅಮ್ಮನನ್ನೂ ಸೇರಿಸಿ ಬೈಯುತ್ತಾರೆ, ಗೆದ್ದರೂ ಎದುರು ಪಾರ್ಟಿಯವರು ಬೈಯುತ್ತಾರೆ. ಈ ಕಾಟ ಎಷ್ಟಿದೆಯೆಂದರೆ 2024ರ ಜನವರಿಯಿಂದ ಐಟಿಎಫ್, ಮಹಿಳೆಯರ ವೃತ್ತಿಪರ ಟೆನಿಸ್ ಸಂಸ್ಥೆಯಾದ ಡಬ್ಲ್ಯುಟಿಎ, ವಿಂಬಲ್ಡನ್ ಮತ್ತು ಅಮೆರಿಕದ ಟೆನಿಸ್ ಸಂಸ್ಥೆ ಸೇರಿ ನಿಂದನೆ ಪತ್ತೆಹಚ್ಚುವ ವ್ಯವಸ್ಥೆಯನ್ನೇ ಶುರುಮಾಡಿದವು. ನೀವು ಮಾಡಬೇಕಾದ್ದು: ಅಪರಿಚಿತರ ಸಂದೇಶ, ಕಾಮೆಂಟ್ ಎರಡನ್ನೂ ಮುಚ್ಚಿ; ಪಂದ್ಯದ ಹಿಂದಿನ ರಾತ್ರಿಯಿಂದ ಮರುದಿನ ಸಂಜೆಯವರೆಗೆ ಆ್ಯಪ್ ತೆಗೆದುಹಾಕಿ; ಬೆದರಿಕೆ ಬಂದರೆ ಉತ್ತರಿಸದೆ ಸ್ಕ್ರೀನ್‌ಶಾಟ್ ತೆಗೆದು ಟೂರ್ನಿ ಮೇಲ್ವಿಚಾರಕರಿಗೆ ಕೊಡಿ. 'ಒಂದು ಸೆಟ್ ಬಿಟ್ಟುಕೊಟ್ಟರೆ ಇಷ್ಟು' ಎಂದು ಯಾರಾದರೂ ಕೇಳಿದರೆ, ನೀವು ಒಪ್ಪದಿದ್ದರೂ, ಟೆನಿಸ್ ಸಮಗ್ರತಾ ಸಂಸ್ಥೆಯಾದ ಐಟಿಐಎಗೆ ತಿಳಿಸಲೇಬೇಕು. ತಿಳಿಸದೆ ಸುಮ್ಮನಿರುವುದೂ ಅಪರಾಧವೇ.

ಸೋಲಿನ ಸರಣಿ ಬಹಳ ಉದ್ದವಾದರೆ? ಬೋಪಣ್ಣ 2021ರಲ್ಲಿ ಐದು ತಿಂಗಳು ಒಂದು ಪಂದ್ಯವೂ ಗೆಲ್ಲಲಿಲ್ಲ. ಇನ್ನು ಸಾಕು ಎಂದು ಹೆಂಡತಿಗೆ ಸಂದೇಶವನ್ನೂ ಕಳಿಸಿದ್ದರು. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು 43ನೇ ವಯಸ್ಸಿನಲ್ಲಿ ವಿಶ್ವದ ನಂಬರ್ ಒನ್ ಆದಾಗ ಅವರೇ ಇದನ್ನು ಮೈದಾನದಲ್ಲಿ ನಿಂತು ಹೇಳಿದರು. ಸೋತವರೆಲ್ಲ ಕಾದರೆ ಬೋಪಣ್ಣ ಆಗುತ್ತಾರೆ ಎನ್ನುವುದು ಸುಳ್ಳು. 'ಬಿಟ್ಟುಬಿಡ್ತೀನಿ' ಎಂಬ ತೀರ್ಮಾನವನ್ನು ಸೋತ ರಾತ್ರಿ ತೆಗೆದುಕೊಳ್ಳಬೇಡಿ, ಹೆಜ್ಜೆ 1ರಲ್ಲಿ ಬರೆದಿಟ್ಟ ತಿಂಗಳಿಗೆ ಅದನ್ನು ಮೀಸಲಿಡಿ. ಅಲ್ಲಿ ಬಿಟ್ಟರೆ ಅವಮಾನವೇನೂ ಇಲ್ಲ. ಆ್ಯಶ್ ಬಾರ್ಟಿ 2022ರಲ್ಲಿ ನಂಬರ್ ಒನ್ ಆಗಿರುವಾಗಲೇ 25ನೇ ವಯಸ್ಸಿಗೆ ರ್‍ಯಾಕೆಟ್ ಕೆಳಗಿಟ್ಟರು.

ಹೆಜ್ಜೆ 6: ಬೇಸರ ಯಾವಾಗ ಕಾಯಿಲೆ ಎಂದು ತಿಳಿಯಿರಿ

ಸೋತಾಗ ಎರಡು ದಿನ ಮಂಕಾಗುವುದು ಸಹಜ. ನಿದ್ದೆ ಕೆಟ್ಟು, ಊಟ ಸೇರದೆ, ಗೆದ್ದರೂ ಖುಷಿಯಾಗದೆ ಎರಡು ವಾರ ದಾಟಿದರೆ, ಪಂದ್ಯಕ್ಕೆ ಮುನ್ನ ಎದೆ ಹೊಡೆದುಕೊಂಡು ಉಸಿರು ಕಟ್ಟಿದರೆ, ಇಲ್ಲವೇ ಬದುಕೇ ಬೇಡವೆನಿಸಿದರೆ ಅದು ಮನೋಬಲದ ಕೊರತೆಯಲ್ಲ, ಚಿಕಿತ್ಸೆ ಬೇಕಾದ ಸ್ಥಿತಿ. ಕೊನೆಯದಕ್ಕೆ ಎರಡು ವಾರ ಕಾಯುವ ಮಾತೇ ಇಲ್ಲ, ಅದೇ ದಿನ ಯಾರಿಗಾದರೂ ಹೇಳಿ. 'ಮಾನಸಿಕವಾಗಿ ಗಟ್ಟಿಯಾಗು' ಎಂದು ಬೆನ್ನು ತಟ್ಟುವ ಕೋಚ್ ಕಾಲು ಮುರಿದವನಿಗೆ ಓಡು ಎನ್ನುತ್ತಾನೆಯೇ?

ಅಮೆರಿಕದ ಮಾರ್ಡಿ ಫಿಶ್ 2012ರ ಯುಎಸ್ ಓಪನ್ನಿನಲ್ಲಿ ಫೆಡರರ್ ಎದುರಿನ ಪಂದ್ಯಕ್ಕೆ ಇಳಿಯಲೇ ಇಲ್ಲ; ತೀವ್ರ ಆತಂಕದ ಕಾಯಿಲೆ ಅವರನ್ನು ಹಿಡಿದಿತ್ತು. ನವೋಮಿ ಒಸಾಕಾ 2021ರಲ್ಲಿ ಪತ್ರಿಕಾಗೋಷ್ಠಿಗೆ ಬರುವುದಿಲ್ಲವೆಂದಾಗ 15 ಸಾವಿರ ಡಾಲರ್ ದಂಡ ಬಿತ್ತು, ಅವರು ಫ್ರೆಂಚ್ ಓಪನ್ನನ್ನೇ ಬಿಟ್ಟು ಹೊರಟರು. ಅಮಾಂಡಾ ಅನಿಸಿಮೋವಾ 2023ರ ಮೇ ತಿಂಗಳಲ್ಲಿ ಮನಸ್ಸು ದಣಿದಿದೆ ಎಂದು ಆಟ ನಿಲ್ಲಿಸಿದರು. ತಿಂಗಳುಗಟ್ಟಲೆ ದೂರವಿದ್ದು ಮರಳಿ 2025ರಲ್ಲಿ ವಿಂಬಲ್ಡನ್ ಫೈನಲ್ ಆಡಿದರು. ಆ ಫೈನಲ್ಲಿನಲ್ಲಿ ಒಂದು ಗೇಮೂ ಸಿಗದೆ 6-0, 6-0ರಿಂದ ಸೋತರು, ಕೆಲವೇ ವಾರಗಳಲ್ಲಿ ಯುಎಸ್ ಓಪನ್ನಿನ ಫೈನಲ್ಲಿನಲ್ಲೂ ಇದ್ದರು.

ನಮ್ಮಲ್ಲಿ ಟೆಲಿ-ಮಾನಸ್ ಸಹಾಯವಾಣಿ 14416 ಹಗಲು-ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನವರಿಗೆ ನಿಮ್ಹಾನ್ಸ್ ಪಕ್ಕದಲ್ಲೇ ಇದೆ. ಕ್ರೀಡಾ ಮನಶ್ಶಾಸ್ತ್ರಜ್ಞರು ಆಟ ಸುಧಾರಿಸಲು ನೆರವಾಗುತ್ತಾರೆ, ಕಾಯಿಲೆಗೆ ಮನೋವೈದ್ಯರು ಬೇಕು. ಮಾತ್ರೆ ಬರೆದುಕೊಟ್ಟರೆ ಆಟಗಾರರಿಗೆ ನಿಷೇಧಿಸಿದ ಉದ್ದೀಪನ ಮದ್ದುಗಳ ಪಟ್ಟಿಯ ವಿಚಾರ ಅವರಿಗೆ ಹೇಳಿ, ಹಾಗೆಂದು ಮಾತ್ರೆ ತಪ್ಪಿಸಬೇಡಿ.

ಹೆಜ್ಜೆ 7: ಬಾಯಿಗೆ ಹೋಗುವುದನ್ನೆಲ್ಲ ಬರೆದಿಡಿ

ಇಗಾ ಶ್ವಿಯಾಂಟೆಕ್ 2024ರಲ್ಲಿ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿ ಒಂದು ತಿಂಗಳು ನಿಷೇಧಕ್ಕೆ ಒಳಗಾದದ್ದು ನಿದ್ದೆಗೆಂದು ತೆಗೆದುಕೊಂಡ ಮೆಲಟೋನಿನ್ ಮಾತ್ರೆ ಕಲಬೆರಕೆಯಾಗಿದ್ದರಿಂದ. ಯಾನಿಕ್ ಸಿನ್ನರ್ 2025ರಲ್ಲಿ ಮೂರು ತಿಂಗಳು ಹೊರಗಿದ್ದದ್ದು ಅವರ ಫಿಸಿಯೋ ತನ್ನ ಬೆರಳಿನ ಗಾಯಕ್ಕೆ ಹಚ್ಚಿಕೊಂಡ ಸ್ಪ್ರೇಯಲ್ಲಿದ್ದ ನಿಷೇಧಿತ ಅಂಶ ಮಸಾಜಿನ ಮೂಲಕ ಮೈಗೆ ಸೇರಿದ್ದರಿಂದ. ಅವರ ಬಳಿ ವಕೀಲರ ಪಡೆಯಿತ್ತು, ನಿಮ್ಮ ಬಳಿ ಇಲ್ಲ. ಜಿಮ್ ಗೆಳೆಯ ಕೊಟ್ಟ ಪುಡಿ, ಊರ ವೈದ್ಯರ ಲೇಹ್ಯ, ಕೆಮ್ಮಿನ ಸಿರಪ್ ಯಾವುದನ್ನೇ ಆಗಲಿ ಲೇಬಲ್ಲಿನ ಚಿತ್ರ, ಬ್ಯಾಚ್ ಸಂಖ್ಯೆ, ದಿನಾಂಕ ಸಹಿತ ದಾಖಲಿಸಿ. ಅಗತ್ಯವಿಲ್ಲದ ಸಪ್ಲಿಮೆಂಟ್ ಬೇಡವೇ ಬೇಡ. ನಿಷೇಧಿತ ಪಟ್ಟಿಯಲ್ಲಿರುವ ಔಷಧಿ ಅನಿವಾರ್ಯವಾದರೆ, ಅದನ್ನು ಚಿಕಿತ್ಸೆಗೆಂದು ಬಳಸಲು ಅನುಮತಿಸುವ ಚಿಕಿತ್ಸಾ ವಿನಾಯಿತಿಗೆ ಮೊದಲೇ ಅರ್ಜಿ ಹಾಕಿ.

ಹುಡುಗಿಯರಿಗೆ, ಅವರ ಕೋಚುಗಳಿಗೆ

ಮುಟ್ಟಿನ ವಿಷಯ ಕೋಚ್ ಹತ್ತಿರ ಮಾತಾಡದ ಮನೆಗಳೇ ನಮ್ಮಲ್ಲಿ ಹೆಚ್ಚು. 2022ರ ಫ್ರೆಂಚ್ ಓಪನ್ನಿನಲ್ಲಿ ಝೆಂಗ್ ಚಿನ್ವೆನ್ ಶ್ವಿಯಾಂಟೆಕ್ ಎದುರು ಮೊದಲ ಸೆಟ್ ಗೆದ್ದು ಸೋತ ಮೇಲೆ ಮುಟ್ಟಿನ ಹೊಟ್ಟೆನೋವೇ ಕಾರಣವೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ವಿಂಬಲ್ಡನ್ 2023ರಲ್ಲಿ ಬಿಳಿ ಸ್ಕರ್ಟಿನ ಒಳಗೆ ಗಾಢಬಣ್ಣದ ಚಡ್ಡಿಗೆ ಅವಕಾಶ ಕೊಟ್ಟಿತು. ನೀವು ದಿನಾಂಕಗಳನ್ನು ಅಭ್ಯಾಸದ ಡೈರಿಯಲ್ಲೇ ಬರೆಯಿರಿ. ಮೂರು ತಿಂಗಳು ಮುಟ್ಟು ನಿಂತಿದ್ದರೆ 'ಆಟ ಆಡುವವರಿಗೆ ಹಾಗೇ' ಎಂದು ಬಿಡಬೇಡಿ. ಖರ್ಚಾಗುವ ಶಕ್ತಿಗೆ ತಕ್ಕ ಊಟ ಸಿಗುತ್ತಿಲ್ಲ ಎಂಬುದರ ಸೂಚನೆ ಅದಾಗಿರಬಹುದು, ಎಲುಬು ಬಿರುಕು ಬಿಡುವುದು ಅದರ ಮುಂದಿನ ಹಂತ. ತೂಕ ಇಳಿಸು ಎಂದು ಎಲ್ಲರೆದುರು ಹೇಳುವ ಕೋಚನ್ನು ಬದಲಾಯಿಸಿ.

ಹೆಜ್ಜೆ 8: ಗಾಯದಿಂದ ಮರಳುವ ದಾರಿ

ಆರು ತಿಂಗಳು ಅಥವಾ ಹೆಚ್ಚು ಕಾಲ ಗಾಯದಿಂದ ಹೊರಗಿರಬೇಕಾದ ಎಟಿಪಿ ಆಟಗಾರರು, ಗಾಯಕ್ಕೆ ಮುಂಚಿನ ಸ್ಥಾನದ ಮೇಲೆ ಟೂರ್ನಿಗೆ ಪ್ರವೇಶ ಕೊಡಿಸುವ ಸಂರಕ್ಷಿತ ರ್‍ಯಾಂಕಿಂಗ್‌ಗೆ ಅರ್ಜಿ ಹಾಕಬಹುದು. ಮಹಿಳೆಯರಿಗೂ ಅಂಥದೇ ವ್ಯವಸ್ಥೆಯಿದೆ. ಗಾಯವಾದ ವಾರವೇ ವೈದ್ಯಕೀಯ ದಾಖಲೆಗಳನ್ನು ಒಂದು ಫೈಲಿಗೆ ಹಾಕಿ. ಅರ್ಜಿ ಹಾಕುವ ಗಡುವು ತಪ್ಪಿದರೆ ಮತ್ತೆ 15 ಸಾವಿರ ಡಾಲರ್ ಟೂರ್ನಿಯ ಕ್ವಾಲಿಫೈಯಿಂಗಿನಿಂದ ಶುರು.

ಮರಳುವಾಗ ದಿನಾಂಕ ನೋಡಬೇಡಿ, ಮಟ್ಟ ನೋಡಿ. ಮೊದಲು ಅರ್ಧ ಕೋರ್ಟಿನಲ್ಲಿ ನಿಂತಲ್ಲೇ ಹೊಡೆತ. ಮರುದಿನ ಬೆಳಿಗ್ಗೆ ನೋವು ಹೆಚ್ಚದಿದ್ದರೆ ಓಡಾಟ ಸೇರಿಸಿ. ಸರ್ವ್ ಕೊನೆಗೆ, ಅದೂ ಮೊದಲ ವಾರ ಅರ್ಧ ವೇಗದಲ್ಲಿ. ಅಭ್ಯಾಸ ಸೆಟ್ಟುಗಳನ್ನು ಸತತ ಎರಡು ದಿನ ಆಡಿ ಮೂರನೇ ಬೆಳಿಗ್ಗೆ ಮೈ ಸರಿಯಿದ್ದರೆ ಟೂರ್ನಿಗೆ ಹೆಸರು ಕೊಡಿ. ಆ್ಯಂಡಿ ಮರ್ರೆ 2019ರ ಜನವರಿಯಲ್ಲಿ ಸೊಂಟದ ಕೀಲಿಗೆ ಲೋಹದ ಕವಚ ಹಾಕಿಸಿಕೊಂಡು ಜೂನ್‌ನಲ್ಲಿ ಕೋರ್ಟಿಗೆ ಬಂದದ್ದು ಡಬಲ್ಸ್ ಆಡಲು. ಅರ್ಧ ಅಂಗಳ ಕಾಯ್ದರೆ ಸಾಕಾದ ಆಟದಲ್ಲಿ ಸೊಂಟ ಪರೀಕ್ಷಿಸಿಕೊಂಡು, ಅಕ್ಟೋಬರಿನಲ್ಲಿ ಆಂಟ್‌ವರ್ಪ್ ಸಿಂಗಲ್ಸ್ ಗೆದ್ದರು.

ಡಬಲ್ಸ್ ಎಂದರೆ ಸಿಂಗಲ್ಸ್ ಕೈಗೂಡದವರ ಆಟ ಎಂಬ ತಾತ್ಸಾರ ನಮ್ಮ ಅಕಾಡೆಮಿಗಳಲ್ಲಿ ಇನ್ನೂ ಇದೆ. 2009ರಲ್ಲಿ ಆಸ್ಟ್ರೇಲಿಯನ್ ಓಪನ್ ಜೂನಿಯರ್ ಚಾಂಪಿಯನ್ ಆದ ಯೂಕಿ ಭಾಂಬ್ರಿ ಅಗ್ರ ನೂರರೊಳಗೆ ಬಂದಾಗೆಲ್ಲ ಗಾಯ ಹಿಂದಕ್ಕೆಳೆಯಿತು, ಕಡೆಗೆ ಮೊಣಕಾಲು ವರ್ಷಗಳನ್ನೇ ನುಂಗಿತು. ಡಬಲ್ಸಿಗೆ ಹೊರಳಿದ ಅವರು 2025ರಲ್ಲಿ ಮೈಕಲ್ ವೀನಸ್ ಜೊತೆ ಯುಎಸ್ ಓಪನ್ ಸೆಮಿಫೈನಲ್ ಆಡಿದರು. ಹಾಗಾಗಿ ಈಗಿನಿಂದಲೇ ವಾರಕ್ಕೆ ಎರಡು ದಿನ ವಾಲಿ, ರಿಟರ್ನ್, ಎರಡನೇ ಸರ್ವ್ ಮಾತ್ರ ಅಭ್ಯಾಸ ಮಾಡಿ. ಟೂರ್ನಿಗೆ ಹೋದಾಗ ಡಬಲ್ಸ್ ಸೈನ್-ಇನ್ ಗಡುವು ಮುಗಿಯುವ ಮೊದಲು ಜೊತೆಗಾರನನ್ನು ಹಿಡಿಯಿರಿ. ಸಿಂಗಲ್ಸ್ ಸೋತ ಮಂಗಳವಾರಕ್ಕೂ ಆಗ ಒಂದು ಪಂದ್ಯ ಉಳಿದಿರುತ್ತದೆ.